ಸಂವಿಧಾನದ ಹಿನ್ನೆಲೆಯ ದುಡಿಮೆಗಾರ ಬಿ.ಎನ್. ರಾವ್

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿದರು. ಗಾಂಧೀಜಿ, ಅಂಬೇಡ್ಕರ್, ವಿಶ್ವೇಶ್ವರಯ್ಯನವರ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ಬೆನಗಲ್ ನರಸಿಂಗ ರಾಯರನ್ನು ಆರಿಸಿಕೊಂಡೆ. ಬಹಳ ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನಾದ್ದರಿಂದ ಈ ಆಯ್ಕೆಗೆ ನನ್ನದೇ ಆದ ಕಾರಣಗಳಿವೆ.

ನಮ್ಮ ಮಕ್ಕಳು ಪರೀಕ್ಷೆಗೆ ಒಂದು ಸಾಲನ್ನು ಬಾಯಿಪಾಠ ಮಾಡುತ್ತಾರೆ. ಮೂಲಭೂತ ಹಕ್ಕುಗಳು ಅಮೆರಿಕದಿಂದ ಬಂದವು, ರಾಜ್ಯ ನಿರ್ದೇಶಕ ತತ್ವಗಳು ಐರ್ಲೆಂಡಿನಿಂದ ಬಂದವು ಎಂಬ ಸಾಲು ಅದು. ಒಂದು ಅಂಕ ಸಿಗುತ್ತದೆ, ಅಲ್ಲಿಗೆ ಮುಗಿಯಿತು. ಯಾರು ಹೋಗಿ ನೋಡಿ ತಂದರು, ಇದ್ದಂತೆಯೇ ತಂದರೇ, ತರುವಾಗ ಏನನ್ನು ಬಿಟ್ಟು ಬಂದರು ಎಂದು ಕೇಳುವವರು ಕಡಿಮೆ. ರಾಯರ ಬದುಕನ್ನು ತಿಳಿದುಕೊಂಡರೆ ಆ ಒಂದು ಅಂಕದ ಸಾಲಿನ ಹಿಂದೆ ಎಷ್ಟು ವಿಚಾರ ಅಡಗಿದೆ ಎಂಬುದು ಗೊತ್ತಾಗುತ್ತದೆ. ಇನ್ನೊಂದು ಕಾರಣ ನಮ್ಮ ಭಾಗಕ್ಕೇ ಸಂಬಂಧಿಸಿದ್ದು. ಅದನ್ನು ಮುಂದೆ ಹೇಳುತ್ತೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ನರಸಿಂಗ ರಾಯರು 1887ರ ಫೆಬ್ರವರಿ 26ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ಬೆನಗಲ್ ರಾಘವೇಂದ್ರ ರಾಯರು ವೈದ್ಯರು. ಮನೆತನದಲ್ಲಿ ವಿದ್ಯೆಗೆ ಮೊದಲ ಸ್ಥಾನ. ತಮ್ಮಂದಿರಲ್ಲಿ ಬೆನಗಲ್ ರಾಮ ರಾವ್ ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಬಿ. ಶಿವ ರಾವ್ ಹೆಸರಾಂತ ಪತ್ರಕರ್ತರೂ ಸಂವಿಧಾನ ರಚನಾ ಸಭೆಯ ಸದಸ್ಯರೂ ಆದರು.

ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಹುಡುಗ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಮೊದಲಿಗನಾಗಿ ತೇರ್ಗಡೆಯಾದ. ನಂತರ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಅಲ್ಲಿಂದ ಇಂಗ್ಲೆಂಡಿನ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು. ಅಲ್ಲಿ ಗಣಿತದಲ್ಲಿ ಉನ್ನತ ಶ್ರೇಣಿ ಪಡೆದು ಐ.ಸಿ.ಎಸ್. ಪರೀಕ್ಷೆಯಲ್ಲಿಯೂ ಉತ್ತೀರ್ಣರಾದರು. ಗಣಿತ ಓದಿದವರು ಕಾನೂನಿನ ಮನುಷ್ಯನಾದದ್ದು ಮೇಲ್ನೋಟಕ್ಕೆ ಸೋಜಿಗವೆನಿಸಬಹುದು. ಒಂದು ಪದ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ ಎನ್ನುವಂತೆ ಬರೆಯುವ ಗುಣ ಅವರಿಗೆ ಗಣಿತದಿಂದಲೇ ಬಂದಿರಬೇಕೆಂದು ನನಗೆ ತೋರುತ್ತದೆ.

ಕಾನೂನಿನ ಕಡೆಗೆ

ಅಧಿಕಾರಿಯಾಗಿ ರಾಯರು ಬಂಗಾಳಕ್ಕೆ ಹೋದರು. ಜಿಲ್ಲಾ ನ್ಯಾಯಾಧೀಶರಾಗಿ ಕೆಲಸ ಮಾಡಿದರು. ಅಸ್ಸಾಂ ಸರ್ಕಾರದಲ್ಲಿ ಹಲವು ವರ್ಷ ಕಾನೂನು ವಿಷಯಗಳನ್ನು ನೋಡಿಕೊಂಡರು. 1935ರ ಭಾರತ ಸರ್ಕಾರ ಕಾಯಿದೆ ಬಂದ ಮೇಲೆ ಹಳೆಯ ಕಾನೂನುಗಳನ್ನೆಲ್ಲ ಅದಕ್ಕೆ ಹೊಂದುವಂತೆ ತಿದ್ದುವ ದೊಡ್ಡ ಕೆಲಸ ಅವರ ಪಾಲಿಗೆ ಬಂತು. 1938ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಸರ್ ಪದವಿ ಕೊಟ್ಟಿತು. ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾಗಿದ್ದರು. 1944ರಿಂದ 45ರವರೆಗೆ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನ ಮಂತ್ರಿಯೂ ಆಗಿದ್ದರು.

ನಮ್ಮ ಶಾಲೆಯ ಹೆಣ್ಣುಮಕ್ಕಳು ನೆನಪಿಡಬೇಕಾದ ಒಂದು ಕೆಲಸವೂ ಇದೇ ಕಾಲದ್ದು. 1941ರಲ್ಲಿ ಹಿಂದೂ ಕಾನೂನಿನ ಸುಧಾರಣೆಗೆ ನೇಮಿಸಿದ ಸಮಿತಿಗೆ ರಾಯರೇ ಅಧ್ಯಕ್ಷರು. ವಿಧವೆಯರಿಗೆ, ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು ಇರಬೇಕೆಂಬ ವಿಚಾರವನ್ನು ಆ ಸಮಿತಿ ಕಾನೂನಿನ ಭಾಷೆಗೆ ತಂದಿತು. ಸಂಪ್ರದಾಯಸ್ಥರ ವಿರೋಧ ಬಹಳವಿತ್ತು. ಅಂಬೇಡ್ಕರರು ಹಿಂದೂ ಸಂಹಿತೆಗಾಗಿ ಹೋರಾಡಿ ಕೊನೆಗೆ ಮಂತ್ರಿ ಪದವಿಯನ್ನೇ ಬಿಟ್ಟರು. 1956ರಲ್ಲಿ ಉತ್ತರಾಧಿಕಾರ ಕಾಯಿದೆ ಬಂತು, 2005ರ ತಿದ್ದುಪಡಿಯಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ದೊರೆಯಿತು. ಈ ದಾರಿಯ ಮೊದಲ ಕಲ್ಲುಗಳಲ್ಲಿ ರಾಯರ ಸಮಿತಿಯ ಕರಡೂ ಒಂದು.

ಸಂವಿಧಾನ ಸಭೆಯ ಸಲಹೆಗಾರರು

1946ರಲ್ಲಿ ಸಂವಿಧಾನ ರಚನಾ ಸಭೆ ಸೇರುವುದಕ್ಕೆ ಮೊದಲೇ ರಾಯರನ್ನು ಅದರ ಸಂವಿಧಾನ ಸಲಹೆಗಾರರನ್ನಾಗಿ ನೇಮಿಸಲಾಯಿತು. ಅವರು ಸಭೆಯ ಸದಸ್ಯರಲ್ಲ. ಅಲ್ಲಿ ಅವರಿಗೆ ಭಾಷಣವೂ ಇಲ್ಲ, ಮತವೂ ಇಲ್ಲ. ಈ ಕೆಲಸಕ್ಕೆ ಅವರು ಸಂಬಳ ಪಡೆಯಲಿಲ್ಲ.

ಬೇರೆ ಬೇರೆ ದೇಶಗಳ ಸಂವಿಧಾನಗಳಲ್ಲಿ ಏನಿದೆ, ಯಾವುದು ಎಲ್ಲಿ ಹೇಗೆ ನಡೆದಿದೆ ಎಂಬುದನ್ನು ಸಂಗ್ರಹಿಸಿ ಸದಸ್ಯರ ಕೈಗೆ ಪುಸ್ತಕಗಳಾಗಿ ಕೊಟ್ಟರು. 1947ರ ಅಕ್ಟೋಬರ್‌ನಲ್ಲಿ ಮೊದಲ ಕರಡನ್ನು ಸಿದ್ಧಪಡಿಸಿದರು. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಮುಂದಿಟ್ಟುಕೊಂಡು ಕೆಲಸ ಆರಂಭಿಸಿತು. ಅದೇ ಹೊತ್ತಿಗೆ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಇಂಗ್ಲೆಂಡ್ ಪ್ರವಾಸಕ್ಕೆ ಹೊರಟರು. ಪುಸ್ತಕದಲ್ಲಿ ಓದಿದ್ದು ಸಾಲದು, ಸಂವಿಧಾನವನ್ನು ದಿನವೂ ಬಳಸುವವರ ಅನುಭವವನ್ನು ಅವರ ಬಾಯಿಂದಲೇ ಕೇಳಬೇಕು ಎಂಬುದು ಅವರ ಉದ್ದೇಶವಾಗಿತ್ತು.

ಅಮೆರಿಕದ ಆಡಳಿತ ವ್ಯವಸ್ಥೆ

ಅಲ್ಲಿ ಅವರು ಏನನ್ನು ಕಂಡರು ಎಂಬುದು ಅರ್ಥವಾಗಬೇಕಾದರೆ ಆ ದೇಶದ ಆಡಳಿತದ ಪರಿಚಯ ಸ್ವಲ್ಪ ಬೇಕು. ಅಮೆರಿಕದ ಸಂವಿಧಾನವನ್ನು 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಬರೆದರು. 1789ರಿಂದ ಅದು ಜಾರಿಯಲ್ಲಿದೆ. ಅಧಿಕಾರ ಒಂದೇ ಕೈಯಲ್ಲಿದ್ದರೆ ದಬ್ಬಾಳಿಕೆಯಾಗುತ್ತದೆ ಎಂದು ಹೆದರಿದ ಅವರು ಅದನ್ನು ಮೂರು ಪಾಲು ಮಾಡಿದರು. ಕಾನೂನು ಮಾಡಲು ಕಾಂಗ್ರೆಸ್, ಜಾರಿ ಮಾಡಲು ಅಧ್ಯಕ್ಷ, ಅರ್ಥ ಹೇಳಲು ಸುಪ್ರೀಂ ಕೋರ್ಟ್. ಕಾಂಗ್ರೆಸ್ಸಿನಲ್ಲಿ ಎರಡು ಮನೆ. ಪ್ರತಿನಿಧಿ ಸಭೆಯ ಅವಧಿ ಎರಡು ವರ್ಷ. ಸೆನೆಟರರ ಅವಧಿ ಆರು ವರ್ಷ, ರಾಜ್ಯ ಚಿಕ್ಕದಿರಲಿ ದೊಡ್ಡದಿರಲಿ ಪ್ರತಿಯೊಂದಕ್ಕೂ ಇಬ್ಬರು. ಅಧ್ಯಕ್ಷರ ಅವಧಿ ನಾಲ್ಕು ವರ್ಷ. ನಮ್ಮ ಪ್ರಧಾನಿಯಂತೆ ಅವರು ಸಂಸತ್ತಿನ ಬಹುಮತವನ್ನು ನೆಚ್ಚಿಕೊಂಡಿರಬೇಕಾಗಿಲ್ಲ.

ಮೊದಲ ಸಂವಿಧಾನದಲ್ಲಿ ಹಕ್ಕುಗಳ ಪಟ್ಟಿ ಇರಲಿಲ್ಲ. ಜನ ಕೇಳಿ ಹಾಕಿಸಿದರು. 1791ರಲ್ಲಿ ಹತ್ತು ತಿದ್ದುಪಡಿಗಳು ಒಟ್ಟಿಗೆ ಬಂದವು. ಮಾತನಾಡುವ, ಪತ್ರಿಕೆ ನಡೆಸುವ, ತಮ್ಮ ಧರ್ಮವನ್ನು ಆಚರಿಸುವ, ಶಾಂತವಾಗಿ ಸಭೆ ಸೇರುವ, ಸರ್ಕಾರಕ್ಕೆ ದೂರು ಸಲ್ಲಿಸುವ ಹಕ್ಕುಗಳು ಮೊದಲ ತಿದ್ದುಪಡಿಯಲ್ಲಿವೆ. ಯುಕ್ತ ಕಾನೂನು ಪ್ರಕ್ರಿಯೆ ಇಲ್ಲದೆ ಯಾರ ಪ್ರಾಣವನ್ನೂ, ಸ್ವಾತಂತ್ರ್ಯವನ್ನೂ, ಆಸ್ತಿಯನ್ನೂ ಕಸಿಯಬಾರದು ಎಂಬ ಮಾತು ಐದನೆಯ ತಿದ್ದುಪಡಿಯಲ್ಲಿದೆ. ರಾಯರ ಪ್ರವಾಸದಲ್ಲಿ ದೊಡ್ಡ ಚರ್ಚೆಯಾದದ್ದು ಈ ಯುಕ್ತ ಪ್ರಕ್ರಿಯೆ ಎಂಬ ಮಾತೇ.

ಫ್ರಾಂಕ್‌ಫರ್ಟರ್ ಅವರ ಭೇಟಿ

ಅಮೆರಿಕದಲ್ಲಿ ರಾಯರು ಭೇಟಿಯಾದವರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಮುಖ್ಯರು. ಯುರೋಪಿನ ವಿಯೆನ್ನಾದಲ್ಲಿ ಹುಟ್ಟಿದ ಇವರು ಹುಡುಗನಾಗಿದ್ದಾಗ ಅಮೆರಿಕಕ್ಕೆ ಬಂದರು. ಬಂದಾಗ ಇಂಗ್ಲಿಷ್ ಬರುತ್ತಿರಲಿಲ್ಲ. ಮುಂದೆ ಹಾರ್ವರ್ಡ್‌ನಲ್ಲಿ ಕಾನೂನು ಪ್ರಾಧ್ಯಾಪಕರಾಗಿ, 1939ರಲ್ಲಿ ಸುಪ್ರೀಂ ಕೋರ್ಟ್ ಸೇರಿದರು. ಯುಕ್ತ ಪ್ರಕ್ರಿಯೆಯ ಹೆಸರಿನಲ್ಲಿ ಕಾನೂನನ್ನು ರದ್ದುಮಾಡುವ ಅಧಿಕಾರ ಪ್ರಜಾಪ್ರಭುತ್ವಕ್ಕೆ ಒಗ್ಗುವುದಿಲ್ಲ, ಜನ ಆರಿಸಿ ಕಳುಹಿಸಿದವರು ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಡೆದಂತಾಗುತ್ತದೆ, ನ್ಯಾಯಾಂಗದ ಮೇಲೆಯೂ ಅನ್ಯಾಯವಾದ ಭಾರ ಬೀಳುತ್ತದೆ ಎಂದು ಅವರು ರಾಯರಿಗೆ ತಿಳಿಸಿದರು.

ಒಬ್ಬ ನ್ಯಾಯಾಧೀಶರೇ ಹೀಗೆ ಹೇಳಲು ಕಾರಣವಿತ್ತು. ನ್ಯೂಯಾರ್ಕ್ ರಾಜ್ಯ ಬೇಕರಿ ಕೆಲಸಗಾರರಿಗೆ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದು ಕಾನೂನು ಮಾಡಿತ್ತು. 1905ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಎಷ್ಟು ಹೊತ್ತು ದುಡಿಯಬೇಕೆಂಬುದು ಮಾಲೀಕ ಮತ್ತು ಕೆಲಸಗಾರನ ನಡುವಿನ ಒಪ್ಪಂದ, ಅದರಲ್ಲಿ ಸರ್ಕಾರ ಕೈಹಾಕಿದರೆ ಸ್ವಾತಂತ್ರ್ಯಕ್ಕೆ ಧಕ್ಕೆ ಎಂಬುದು ಅದರ ತರ್ಕ. 1923ರಲ್ಲಿ ವಾಷಿಂಗ್ಟನ್ನಿನ ಮಹಿಳಾ ಕಾರ್ಮಿಕರ ಕನಿಷ್ಠ ಕೂಲಿಯ ಕಾನೂನೂ ಹೀಗೆಯೇ ಬಿದ್ದುಹೋಯಿತು. ಆ ಮೊಕದ್ದಮೆಯಲ್ಲಿ ಕನಿಷ್ಠ ಕೂಲಿಯ ಪರವಾಗಿ ವಾದಿಸಿ ಸೋತವರು ಇದೇ ಫ್ರಾಂಕ್‌ಫರ್ಟರ್. ಕೋರ್ಟು ತನ್ನ ನಿಲುವನ್ನು ಬದಲಿಸಿದ್ದು 1937ರಲ್ಲಿ.

ಇದನ್ನು ನಮ್ಮ ಊರಿಗೆ ಹೊಂದಿಸಿ ನೋಡೋಣ. ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಭೂಮಿಯೊಳಗೆ ಇಳಿಯುವ ಕಾರ್ಮಿಕ, ಸಿಂಧನೂರಿನ ಕಾಲುವೆ ಕೆಳಗಿನ ಗದ್ದೆಯಲ್ಲಿ ಬಾಗಿ ಭತ್ತ ನಾಟಿ ಮಾಡುವ ತಾಯಂದಿರು, ಇವರು ಹೊಟ್ಟೆಪಾಡಿಗಾಗಿ ಎಷ್ಟು ಕಡಿಮೆ ಕೂಲಿಗಾದರೂ ಒಪ್ಪಬಹುದು. ಒಪ್ಪಿದ್ದಾರಲ್ಲ, ಅದು ಅವರ ಸ್ವಾತಂತ್ರ್ಯ ಎಂದು ಕೋರ್ಟು ಹೇಳಿದರೆ ಆ ಸ್ವಾತಂತ್ರ್ಯ ಯಾರಿಗೆ ಲಾಭ? ಉಳ್ಳವರ ಕೈಗೆ ಸಿಕ್ಕ ಹಕ್ಕಿನ ಮಾತು ಇಲ್ಲದವರ ದಾರಿಗೆ ಅಡ್ಡವಾಗಬಲ್ಲದು. ಅಮೆರಿಕದಲ್ಲಿ ರಾಯರು ಕಂಡ ಮುಖ್ಯ ಪಾಠ ಇದೇ ಎಂದು ನಾನು ತಿಳಿದಿದ್ದೇನೆ.

ಒಂದು ಪದಪುಂಜದ ಬದಲಾವಣೆ

ಕರಡು ಸಮಿತಿಯಲ್ಲಿ ಈ ವಿಷಯ ಚರ್ಚೆಯಾಗಿ ಯುಕ್ತ ಪ್ರಕ್ರಿಯೆಯ ಬದಲು ಕಾನೂನು ಗೊತ್ತುಪಡಿಸಿದ ಕ್ರಮ ಎಂಬ ಅರ್ಥದ ಮಾತು ಬಂತು. ಇಂದಿನ 21ನೆಯ ಅನುಚ್ಛೇದದಲ್ಲಿ ಇರುವುದು ಅದೇ. 1948ರ ಡಿಸೆಂಬರ್‌ನಲ್ಲಿ ಸಭೆಯಲ್ಲಿ ಬಿಸಿಯಾದ ಚರ್ಚೆ ನಡೆಯಿತು. ಸಂಸತ್ತು ಕೆಟ್ಟ ಕಾನೂನು ಮಾಡಿ ಜನರನ್ನು ಜೈಲಿಗೆ ಹಾಕಿದರೆ ಕಾಪಾಡುವವರು ಯಾರು ಎಂದು ಹಲವು ಸದಸ್ಯರು ಕೇಳಿದರು. ಅವರ ಭಯ ಸುಳ್ಳಾಗಿರಲಿಲ್ಲ. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಲು ಅಂಬೇಡ್ಕರರು 1949ರಲ್ಲಿ ಇಂದಿನ 22ನೆಯ ಅನುಚ್ಛೇದವನ್ನು ತಂದರು. ಬಂಧಿಸಿದವರಿಗೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬ ನಿಯಮ ಅದರಲ್ಲಿದೆ. ಆದರೆ ವಿಚಾರಣೆಯಿಲ್ಲದೆ ಮುಂಜಾಗ್ರತೆಯ ಬಂಧನದಲ್ಲಿಡುವ ಅವಕಾಶವೂ ಅದೇ ಅನುಚ್ಛೇದದಲ್ಲಿ ಉಳಿಯಿತು.

1950ರಲ್ಲಿ ಎ.ಕೆ. ಗೋಪಾಲನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಆ ಪದಗಳನ್ನು ಬಹಳ ಬಿಗಿಯಾಗಿ ಅರ್ಥೈಸಿತು. 1975ರ ತುರ್ತು ಪರಿಸ್ಥಿತಿಯಲ್ಲಿ ಸಾವಿರಾರು ಜನ ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದರು. 1978ರಲ್ಲಿ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ, ಆ ಕ್ರಮ ನ್ಯಾಯಯುತವೂ ಸಮಂಜಸವೂ ಆಗಿರಬೇಕೆಂದು ಕೋರ್ಟು ಹೇಳಿತು. ಮುಂದಿನ ಬಾಗಿಲಿನಿಂದ ಹೊರಗೆ ಕಳುಹಿಸಿದ್ದು ಮೂವತ್ತು ವರ್ಷದ ಮೇಲೆ ಹಿತ್ತಲ ಬಾಗಿಲಿನಿಂದ ಒಳಗೆ ಬಂತು. ರಾಯರು ಕಂಡ ಅಪಾಯವೂ ನಿಜ, ಅವರ ವಿರೋಧಿಗಳು ಕಂಡ ಅಪಾಯವೂ ನಿಜ. ಇವೆರಡನ್ನೂ ತೂಗಿ ನೋಡುವುದನ್ನು ಮಕ್ಕಳಿಗೆ ಕಲಿಸಬೇಕೆಂದು ನನ್ನ ಅಭಿಪ್ರಾಯ.

ರಾಯರು ಇನ್ನೂ ಒಂದು ಸಲಹೆ ಕೊಟ್ಟಿದ್ದರು. ಜನಹಿತಕ್ಕಾಗಿ ನಿರ್ದೇಶಕ ತತ್ವಗಳನ್ನು ಅನುಸರಿಸಿ ಮಾಡಿದ ಕಾನೂನು ಮೂಲಭೂತ ಹಕ್ಕಿನ ಕಾರಣದಿಂದ ಬಿದ್ದುಹೋಗಬಾರದು ಎಂಬುದು ಅದರ ತಾತ್ಪರ್ಯ. ಅದನ್ನು ಸಭೆ ಸ್ವೀಕರಿಸಲಿಲ್ಲ. ಸಂವಿಧಾನ ಜಾರಿಯಾಗಿ ಒಂದೂವರೆ ವರ್ಷವೂ ಆಗಿರಲಿಲ್ಲ, ಬಿಹಾರದ ಜಮೀನ್ದಾರಿ ರದ್ದತಿ ಕಾನೂನನ್ನು ಪಟ್ನಾ ಹೈಕೋರ್ಟ್ ರದ್ದುಮಾಡಿತು. ಮದ್ರಾಸ್ ಸರ್ಕಾರದ ಕಾಲೇಜು ಸೀಟುಗಳ ಮೀಸಲಾತಿ ಆದೇಶವೂ ಸಮಾನತೆಗೆ ವಿರುದ್ಧವೆಂದು ಕೋರ್ಟಿನಲ್ಲಿ ಬಿತ್ತು. 1951ರಲ್ಲಿ ಮೊದಲ ತಿದ್ದುಪಡಿ ತಂದು ಭೂಸುಧಾರಣೆಯನ್ನೂ ಹಿಂದುಳಿದವರ ವಿಶೇಷ ಅವಕಾಶವನ್ನೂ ಉಳಿಸಿಕೊಳ್ಳಬೇಕಾಯಿತು.

ಮತದಾರರ ಪಟ್ಟಿ

ರಾಯರ ಕಚೇರಿ ಮಾಡಿದ ಇನ್ನೊಂದು ಮಹತ್ವದ ಕೆಲಸ ಪಠ್ಯಪುಸ್ತಕಗಳಲ್ಲಿ ಕಾಣುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಆಸ್ತಿ, ತೆರಿಗೆ, ವಿದ್ಯೆ ಇದ್ದವರಿಗಷ್ಟೇ ಮತ. ಈಗ 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮತ ಎಂದಾಯಿತು. ಸಂವಿಧಾನ ಇನ್ನೂ ಕರಡಿನಲ್ಲಿರುವಾಗಲೇ ಸಭೆಯ ಸಚಿವಾಲಯ ದೇಶದ ಮತದಾರರ ಪಟ್ಟಿಯ ಸಿದ್ಧತೆಗೆ ಕೈಹಾಕಿತು. ದೇಶ ವಿಭಜನೆಯಿಂದ ಮನೆಮಠ ಕಳೆದುಕೊಂಡು ಬಂದವರು, ಇಲ್ಲಿಯೇ ಕಾಯಮ್ಮಾಗಿ ನೆಲೆಸುತ್ತೇವೆಂದು ಬರೆದುಕೊಟ್ಟರೆ ಅವರ ಹೆಸರನ್ನೂ ಸೇರಿಸಿಕೊಳ್ಳಲು ಅವಕಾಶ ಮಾಡಿಕೊಟ್ಟಿತು. ಮುಂದೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ನಮ್ಮ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆ ಸಿಕ್ಕಿತು. ಪಟ್ಟಿಯಲ್ಲಿ ಒಂದು ಹೆಸರು ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1951–52ರ ಮೊದಲ ಚುನಾವಣೆಯ ಹೊತ್ತಿಗೆ ಪಟ್ಟಿಯಲ್ಲಿ ಸುಮಾರು 17 ಕೋಟಿ 30 ಲಕ್ಷ ಮತದಾರರಿದ್ದರು. ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಮಹಿಳೆಯರು ಮಾತ್ರ ಪಟ್ಟಿಯಿಂದ ಹೊರಗುಳಿದರು. ಮತದಾನದ ವಿಷಯದಲ್ಲಿ ನಾವು ಅಮೆರಿಕಕ್ಕಿಂತ ಹಿಂದೆ ಇರಲಿಲ್ಲ. ಅಲ್ಲಿ ಕರಿಯ ಗಂಡಸರಿಗೆ ಮತದ ಹಕ್ಕು ಕಾಗದದ ಮೇಲೆ ಬಂದದ್ದು 1870ರಲ್ಲಿ, ಮಹಿಳೆಯರಿಗೆ 1920ರಲ್ಲಿ. ದಕ್ಷಿಣದ ರಾಜ್ಯಗಳಲ್ಲಿ ಕರಿಯರು ಮತಗಟ್ಟೆಗೆ ಹೋಗದಂತೆ ತಡೆಯುತ್ತಿದ್ದ ನಿಯಮಗಳನ್ನು ತೆಗೆದುಹಾಕಲು 1965ರ ಕಾನೂನೇ ಬರಬೇಕಾಯಿತು. ನಮ್ಮಲ್ಲಿ ಎಲ್ಲರಿಗೂ ಒಂದೇ ದಿನ ಬಂತು.

ನಮ್ಮ ಭಾಗ ಮತ್ತು ಸಂವಿಧಾನ

ನಾನು ಮೊದಲು ಹೇಳಿದ ಎರಡನೆಯ ಕಾರಣಕ್ಕೆ ಈಗ ಬರುತ್ತೇನೆ. ದೆಹಲಿಯಲ್ಲಿ ರಾಯರು ಕರಡು ಬರೆಯುತ್ತಿದ್ದಾಗ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಜನ ನಿಜಾಮನ ಪ್ರಜೆಗಳಾಗಿದ್ದರು. 1947ರ ಆಗಸ್ಟ್ 15 ನಮಗೆ ಸ್ವಾತಂತ್ರ್ಯ ತರಲಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ರಾಜಕೀಯ ಸಭೆ ಸೇರಬೇಕಾದರೆ ಮೊದಲು ಸರ್ಕಾರದ ಅಪ್ಪಣೆ ಬೇಕಿತ್ತು. ಗಸ್ತಿ 53 ಎಂದು ಹೆಸರಾದ ಸುತ್ತೋಲೆ ಅದಕ್ಕಾಗಿಯೇ ಇತ್ತು. ಅಮೆರಿಕದವರು 1791ರಲ್ಲೇ ಬರೆದಿಟ್ಟುಕೊಂಡ ಸಭೆ ಸೇರುವ ಹಕ್ಕು ನಮ್ಮ ಹಿರಿಯರಿಗೆ ಸಿಕ್ಕಿರಲಿಲ್ಲ. 1948ರ ಸೆಪ್ಟೆಂಬರ್ 17ರ ನಂತರವಷ್ಟೇ ನಾವು ಭಾರತದವರಾದೆವು. ಸಂವಿಧಾನ ರಚನಾ ಸಭೆಯಲ್ಲಿ ನಮ್ಮ ಸಂಸ್ಥಾನದ ಪ್ರತಿನಿಧಿಗಳು ಇರಲಿಲ್ಲ. ಆದರೂ 1950ರ ಜನವರಿ 26ರಂದು ಅದರ ಪ್ರತಿಯೊಂದು ಹಕ್ಕೂ ನಮಗೆ ಸಮನಾಗಿ ಬಂತು.

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂತು. ಅಶೋಕ ಎಂಬ ಹೆಸರು ಶಾಸನದಲ್ಲಿ ಮೊದಲು ಸಿಕ್ಕಿದ್ದು ಅಲ್ಲಿಯೇ ಎಂದು ನಮ್ಮ ಮಕ್ಕಳಿಗೆಲ್ಲ ಗೊತ್ತು. ಧರ್ಮದ ಹಾದಿಯಲ್ಲಿ ನಡೆದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಮೇಲೆ ಬರಬಲ್ಲರು ಎಂಬ ಆಶಯ ಅದರಲ್ಲಿದೆ. ಅದು ಒಬ್ಬ ದೊರೆಯ ದಯೆಯ ಮಾತು. ಸಂವಿಧಾನದಲ್ಲಿ ಆ ಮಾತನ್ನು ಜನರೇ ತಮಗೆ ತಾವು ಕೊಟ್ಟುಕೊಂಡರು. ದೊರೆಯ ದಯೆಯನ್ನು ಕೋರ್ಟಿನಲ್ಲಿ ಕೇಳಲಾಗದು, ಪ್ರಜೆಯ ಹಕ್ಕನ್ನು ಕೇಳಬಹುದು.

371ಜೆ ಬಗ್ಗೆ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ. 98ನೆಯ ತಿದ್ದುಪಡಿಯಿಂದ ಬಂದ ಈ ಅನುಚ್ಛೇದದಿಂದಾಗಿ ನಮ್ಮ ಭಾಗದ ವೃತ್ತಿ ಶಿಕ್ಷಣದ ಸೀಟುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ನಮ್ಮ ಮಕ್ಕಳಿಗೆ ಮೀಸಲು. ಹಿಂದೆ ಉಳಿದವರಿಗೆ ಕೊಡುವ ವಿಶೇಷ ಅವಕಾಶ ಸಮಾನತೆಗೆ ವಿರೋಧವಲ್ಲ, ಸಮಾನತೆಗೆ ಹತ್ತಲು ಹಾಕಿದ ಮೆಟ್ಟಿಲು. ರಾಯರು ಅಮೆರಿಕದಿಂದ ತಂದ ಎಚ್ಚರಿಕೆಯನ್ನು ನಮ್ಮ ಜಿಲ್ಲೆಯಲ್ಲಿ ಓದಿಕೊಳ್ಳಬೇಕಾದದ್ದು ಹೀಗೆ.

ಅಂಬೇಡ್ಕರರು ಮತ್ತು ರಾಯರು

ರಾಯರ ಪಾಠ ಮಾಡುವಾಗ ತರಗತಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು. ಹಾಗಾದರೆ ಸಂವಿಧಾನ ಬರೆದವರು ಯಾರು ಎಂಬ ಪ್ರಶ್ನೆ. ರಾಯರ ಹೆಸರನ್ನು ಹಿಡಿದು ಅಂಬೇಡ್ಕರರನ್ನು ಸಣ್ಣದು ಮಾಡಲು ನೋಡುವವರೂ ಇದ್ದಾರೆ. ಇದಕ್ಕೆ ಉತ್ತರ ಸ್ಪಷ್ಟವಾಗಿದೆ. ರಾಯರು ಸಿದ್ಧಪಡಿಸಿದ್ದು ಮೊದಲ ಕರಡು, ಸಲಹೆ ಅವರ ಕೆಲಸ. ಅದನ್ನು ಸಮಿತಿಯಲ್ಲಿ ತಿದ್ದಿ ಹೊಸದಾಗಿ ಕಟ್ಟಿ, ಸಭೆಯಲ್ಲಿ ಸಾವಿರಾರು ತಿದ್ದುಪಡಿಗಳಿಗೆ ಉತ್ತರ ಕೊಟ್ಟು, ಒಂದೊಂದು ಅನುಚ್ಛೇದವನ್ನೂ ಸಮರ್ಥಿಸಿ ದಡ ಮುಟ್ಟಿಸಿದವರು ಅಂಬೇಡ್ಕರ್. ಅವರು 1913ರಿಂದ 1916ರವರೆಗೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು. ಅಸ್ಪೃಶ್ಯತೆಯನ್ನು ಮೈಮೇಲೆ ಅನುಭವಿಸಿದವರು. ಅಸ್ಪೃಶ್ಯತೆಯನ್ನು ನಿಷೇಧಿಸಿದ 17ನೆಯ ಅನುಚ್ಛೇದದಂಥ ಮಾತಿಗೆ ಜೀವ ಬರುವುದು ಅಂಥ ಬದುಕಿನ ಬಲದಿಂದ. 1949ರ ನವೆಂಬರ್ 25ರ ತಮ್ಮ ಕೊನೆಯ ಭಾಷಣದಲ್ಲಿ ಅಂಬೇಡ್ಕರರೇ ಕೀರ್ತಿ ತಮ್ಮೊಬ್ಬರದಲ್ಲವೆಂದು ಹೇಳಿ ರಾಯರ ಹೆಸರನ್ನೂ ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿಯವರ ಹೆಸರನ್ನೂ ಕೃತಜ್ಞತೆಯಿಂದ ನೆನೆದರು. ಅವರಿಬ್ಬರ ನಡುವೆ ಇಲ್ಲದ ಜಗಳವನ್ನು ನಾವು ಹಚ್ಚಬಾರದು.

ಕೊನೆಯ ವರ್ಷಗಳು

ಸಂವಿಧಾನದ ಕೆಲಸ ಮುಗಿದ ಮೇಲೆ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಅವರೇ. ಬರ್ಮಾ ದೇಶದ ಸಂವಿಧಾನ ರಚನೆಗೂ ನೆರವಾಗಿದ್ದರು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಹೆಚ್ಚು ಕಾಲ ಆ ಸ್ಥಾನದಲ್ಲಿರಲು ಆರೋಗ್ಯ ಬಿಡಲಿಲ್ಲ. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಿಧನರಾದರು. 1988ರಲ್ಲಿ ಭಾರತ ಸರ್ಕಾರ ಅವರ ನೆನಪಿಗಾಗಿ ಅಂಚೆ ಚೀಟಿ ಹೊರತಂದಿತು.

ಪ್ರಿಯ ವಿದ್ಯಾರ್ಥಿಗಳೇ, ರಾಯರು ಚುನಾವಣೆಗೆ ನಿಂತವರಲ್ಲ, ವೇದಿಕೆ ಏರಿ ಜನರನ್ನು ಸೇರಿಸಿದವರಲ್ಲ. ಒಂದು ಪದವನ್ನು ಬರೆಯುವ ಮೊದಲು ಅದು ಬಡವನ ಮನೆ ತಲುಪುವಾಗ ಏನಾಗುತ್ತದೆ ಎಂದು ಸಮುದ್ರ ದಾಟಿ ಹೋಗಿ ವಿಚಾರಿಸಿಕೊಂಡು ಬಂದರು. ಆದರೆ ಪದ ಎಷ್ಟೇ ಚೆನ್ನಾಗಿರಲಿ, ಅದನ್ನು ಕಾಯುವವರು ನಾವೇ ಆಗಬೇಕು. ನಮ್ಮ ತಾಲೂಕುಗಳಿಂದ ಪ್ರತಿ ವರ್ಷ ಸಾವಿರಾರು ಕುಟುಂಬಗಳು ಬೆಂಗಳೂರಿನ ಕಡೆಗೆ ಗುಳೆ ಹೋಗುತ್ತವೆ. ಚುನಾವಣೆಯ ದಿನ ಅವರ ಹೆಸರು ಇಲ್ಲಿ, ಅವರು ಅಲ್ಲಿ. ಅಮೆರಿಕದ ಪಾಠವನ್ನೂ ನಮ್ಮ ಸಂವಿಧಾನದ ಪಾಠವನ್ನೂ ಓದಿ ನೀವು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. 18 ತುಂಬಿದ ಕೂಡಲೇ ನಿಮ್ಮ ಹೆಸರನ್ನು ಪಟ್ಟಿಗೆ ಸೇರಿಸಿರಿ. ಮನೆಯಲ್ಲಿರುವ ತಾಯಿ, ಅಜ್ಜಿ, ಅಕ್ಕಂದಿರ ಹೆಸರು ಸರಿಯಾಗಿ ಇದೆಯೇ ಎಂದು ಓದಿ ನೋಡಿರಿ. ಗ್ರಾಮಸಭೆಗೆ ಹೋಗಿ ಕುಳಿತುಕೊಳ್ಳಿರಿ. ನಮ್ಮ ಹಿರಿಯರು ಅಪ್ಪಣೆ ಕೇಳಿ ಸೇರಬೇಕಾಗಿದ್ದ ಸಭೆಗೆ ನಿಮಗೆ ಇಂದು ಯಾರ ಅಪ್ಪಣೆಯೂ ಬೇಕಿಲ್ಲ.

ಐವತ್ತು ವರ್ಷಗಳಲ್ಲಿ ಸಾವಿರಾರು ಮಕ್ಕಳಿಗೆ ಅಕ್ಷರ ಕೊಟ್ಟ ನಮ್ಮ ಶಾಲೆ ಶತಮಾನೋತ್ಸವದತ್ತ ಸಾಗಲಿ, ಇಲ್ಲಿ ಕಲಿತ ಪ್ರತಿಯೊಬ್ಬರೂ ತಮ್ಮ ಹಕ್ಕನ್ನು ಬಲ್ಲ, ಪಕ್ಕದವರ ಹಕ್ಕನ್ನೂ ಕಾಯುವ ಪ್ರಜೆಗಳಾಗಲಿ ಎಂದು ಹಾರೈಸುತ್ತೇನೆ.